ತೆರೆದ ಬಾಗಿಲಿನ ಕಾವಲು

ಗೋವಿನಕೋವಿಯು ದಾವಣಗೆರೆ ಜಿಲ್ಲೆಯ ಒಂದು ಹೋಬಳಿ ಕೇಂದ್ರ. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ನ್ಯಾಮತಿ ತಾಲ್ಲೂಕಿನಲ್ಲಿದೆ. ಇಂತಹ ಹೋಬಳಿಗಳ ನಾಡಕಚೇರಿಗೆ ರೈತರು ಪಹಣಿಗಾಗಿ ಬರುತ್ತಾರೆ; ತಾಯಿತಂದೆಯರು ಮಕ್ಕಳ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾಗಿ ಬರುತ್ತಾರೆ; ವೃದ್ಧರು ಪಿಂಚಣಿಯ ಅರ್ಜಿಯನ್ನು ಹಿಡಿದು ಬರುತ್ತಾರೆ. ಕೆಲವು ದಿನ ಕಿಟಕಿಯ ಒಳಗಿನಿಂದ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಉತ್ತರ ದೊರೆಯುವುದುಂಟು. ಬಂದವರು ಮರುಮಾತಾಡದೆ ಹಿಂದಿರುಗುತ್ತಾರೆ. ಅವರ ಒಂದು ದಿನದ ಕೂಲಿ ಹೋಯಿತು. ಬಸ್ಸಿನ ಹಣ ಹೋಯಿತು. ಸಾಲದ ಅರ್ಜಿಗೆ ಅಂದೇ ಕೊನೆಯ ದಿನವಾಗಿದ್ದರೆ ಆ ಅವಕಾಶವೂ ಹೋಯಿತು. ಸರ್ವರ್ ಎಂಬ ಪದವನ್ನು ಹಳ್ಳಿಯ ಜನರು ಪುಸ್ತಕದಿಂದ ಕಲಿಯಲಿಲ್ಲ. ಅದು ಇಲ್ಲದ ದಿನಗಳಿಂದ ಕಲಿತರು.

ಒಂದು ಕಾಲದಲ್ಲಿ ಪಹಣಿಯು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಕಂಪ್ಯೂಟರಿಗೆ ಅಳವಡಿಸಿತು. ಅಂದಿನಿಂದ ಹೊಲದ ಒಡೆತನವನ್ನು ಹೇಳುವ ಅಕ್ಷರಗಳು ಹಳ್ಳಿಯ ಪೆಟ್ಟಿಗೆಯನ್ನು ಬಿಟ್ಟು ಯಂತ್ರದೊಳಗೆ ನೆಲೆಸಿದವು. ಈ ದಾಖಲೆಗಳನ್ನು ಇರಿಸಿಕೊಂಡು, ಕೇಳಿದವರಿಗೆ ಕೇಳಿದುದನ್ನು ಒದಗಿಸುವ ಕಂಪ್ಯೂಟರೇ ಸರ್ವರ್. ಸರ್ವರ್ ಎಂದರೆ ಸೇವೆ ಮಾಡುವುದು ಎಂದೇ ಅರ್ಥ. ಅದರ ಯಂತ್ರಭಾಗಗಳನ್ನೆಲ್ಲ ಆಳುತ್ತ, ಯಾರು ಒಳಗೆ ಬರಬಹುದು, ಬಂದವರು ಏನನ್ನು ನೋಡಬಹುದು, ಏನನ್ನು ತಿದ್ದಬಹುದು ಎಂಬುದನ್ನು ನಿರ್ಧರಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಮನೆಯು ಸರ್ವರ್ ಆದರೆ ಆ ಮನೆಯ ಯಜಮಾನಿಕೆಯು ಆಪರೇಟಿಂಗ್ ಸಿಸ್ಟಮ್. ಯಜಮಾನಿಕೆ ಸಡಿಲವಾದ ಮನೆಯಲ್ಲಿ ಕಳ್ಳರಿಗೆ ಸುಗ್ಗಿ.

ಈ ಯಜಮಾನಿಕೆಯನ್ನು ಭದ್ರಪಡಿಸುವ ವಿದ್ಯೆಯಲ್ಲಿ ಇಂದು ಸ್ಪರ್ಧೆಗಳು ನಡೆಯುತ್ತಿವೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2005ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಸೈಬರ್ ರಕ್ಷಣಾ ಸ್ಪರ್ಧೆಯು ಆರಂಭವಾಯಿತು. 2009ರಲ್ಲಿ ಅದೇ ದೇಶದ ಏರ್ ಫೋರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಯು ಪ್ರೌಢಶಾಲೆಯ ಮಕ್ಕಳಿಗೆಂದು ‘ಸೈಬರ್ ಪೇಟ್ರಿಯಟ್’ ಎಂಬ ಸ್ಪರ್ಧೆಯನ್ನು ಪ್ರಾರಂಭಿಸಿತು. ಭಾರತದಲ್ಲಿ ಕೇರಳದ ಅಮೃತಪುರಿಯ ಅಮೃತ ವಿಶ್ವವಿದ್ಯಾಪೀಠವು ‘ಇನ್‌ಸಿಟಿಎಫ್’ ಎಂಬ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೂ ಶಾಲಾ ಮಕ್ಕಳಿಗೂ ಸ್ಪರ್ಧೆಗಳನ್ನು ಏರ್ಪಡಿಸಿದೆ. ಕರ್ನಾಟಕ ಸರ್ಕಾರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ‘ಸೈಸೆಕ್’ ಎಂಬ ಸೈಬರ್ ಸುರಕ್ಷತಾ ಕೇಂದ್ರವನ್ನು ನಡೆಸುತ್ತಿದೆ. 2024ರಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿಯೂ ಪ್ರಕಟವಾಯಿತು.

ರಕ್ಷಣಾ ಸ್ಪರ್ಧೆಯ ಕ್ರಮವು ಕುತೂಹಲಕರವಾದುದು. ಪ್ರತಿಯೊಂದು ತಂಡಕ್ಕೂ ಒಂದು ಸರ್ವರನ್ನು ಒಪ್ಪಿಸುತ್ತಾರೆ. ಅದರಲ್ಲಿ ಬೇಕೆಂದೇ ಹಲವು ದೋಷಗಳನ್ನು ಅಡಗಿಸಿಟ್ಟಿರುತ್ತಾರೆ. ಹಳೆಯ ನೌಕರರ ಖಾತೆಗಳು ಅಳಿಯದೆ ಉಳಿದಿರುತ್ತವೆ; ಪಾಸ್‌ವರ್ಡ್‌ಗಳು ದುರ್ಬಲವಾಗಿರುತ್ತವೆ; ಉಪಯೋಗವಿಲ್ಲದ ಸೇವೆಗಳು ಹಗಲಿರುಳು ತೆರೆದಿರುತ್ತವೆ. ಜೊತೆಗೆ ಒಂದು ಸೂಚನಾಪತ್ರವಿರುತ್ತದೆ. ಈ ಸರ್ವರು ಯಾವ ಕೆಲಸಕ್ಕಾಗಿ ಇದೆ, ಇದನ್ನು ಬಳಸಲು ಅಧಿಕಾರವುಳ್ಳವರು ಯಾರು, ಯಾವ ಸೇವೆಗಳು ನಿಲ್ಲದೆ ನಡೆಯಬೇಕು ಎಂಬ ವಿವರ ಅದರಲ್ಲಿರುತ್ತದೆ. ದೋಷವನ್ನು ಸರಿಪಡಿಸಿದರೆ ಅಂಕ ದೊರೆಯುತ್ತದೆ. ನಡೆಯಬೇಕಾದ ಸೇವೆಯು ತಂಡದ ಕೈಯಿಂದ ನಿಂತುಹೋದರೆ ಅಂಕ ಕಳೆಯುತ್ತದೆ. ಕಾಲೇಜು ಮಟ್ಟದ ಸ್ಪರ್ಧೆಗಳಲ್ಲಿ ತಂಡವು ಕಾವಲು ನಿಂತಿರುವಾಗಲೇ ಅನುಭವಿಗಳಾದ ಎದುರಾಳಿಗಳು ದಾಳಿ ನಡೆಸುತ್ತಾರೆ.

ಈ ಸ್ಪರ್ಧೆಗೆ ಹೊಸದಾಗಿ ಇಳಿದವರು ಮಾಡುವ ತಪ್ಪು ಒಂದೇ ಬಗೆಯದು. ಅವರು ಸೂಚನಾಪತ್ರವನ್ನು ಬದಿಗಿಟ್ಟು ಕಂಡ ಬಾಗಿಲನ್ನೆಲ್ಲ ಮುಚ್ಚಲು ತೊಡಗುತ್ತಾರೆ. ಮುಚ್ಚುವುದು ಸುಲಭ, ಮುಚ್ಚಿದೊಡನೆ ಭದ್ರವಾಯಿತೆಂಬ ಸಮಾಧಾನವೂ ದೊರೆಯುತ್ತದೆ. ಆದರೆ ಎಲ್ಲ ಬಾಗಿಲುಗಳನ್ನೂ ಮುಚ್ಚಿದ ಸರ್ವರಿಗೂ ಕೆಟ್ಟುನಿಂತ ಸರ್ವರಿಗೂ ನಾಡಕಚೇರಿಯ ಮುಂದೆ ನಿಂತವರ ಪಾಲಿಗೆ ಯಾವ ವ್ಯತ್ಯಾಸವೂ ಇಲ್ಲ. ಇಬ್ಬರಿಗೂ ದೊರೆಯುವ ಉತ್ತರ ‘ನಾಳೆ ಬನ್ನಿ’ ಎಂಬುದೇ. ಆದುದರಿಂದ ಬರಬೇಕಾದವರಿಗೆ ಬಾಗಿಲನ್ನು ತೆರೆದಿಟ್ಟು, ಬರಬಾರದವರನ್ನು ತಡೆಯುವುದೇ ಈ ವಿದ್ಯೆಯ ಸಾರ. ಮುಚ್ಚಿದ ಬಾಗಿಲನ್ನು ಬೀಗವೇ ಕಾಯುತ್ತದೆ. ತೆರೆದ ಬಾಗಿಲನ್ನು ಕಾಯಲು ಮನುಷ್ಯನ ವಿವೇಕ ಬೇಕು.

ಆ ವಿವೇಕದ ಮೊದಲ ಮೆಟ್ಟಿಲು ಮನೆಯನ್ನು ಅರಿಯುವುದು. ಜಾಣ ತಂಡವು ಯಂತ್ರವನ್ನು ಮುಟ್ಟುವ ಮೊದಲು ಸೂಚನಾಪತ್ರವನ್ನು ಎರಡು ಬಾರಿ ಓದುತ್ತದೆ. ಬಳಿಕ ಸರ್ವರಿನಲ್ಲಿರುವ ಖಾತೆಗಳ ಪಟ್ಟಿಯನ್ನು ತೆಗೆದು ಅಧಿಕೃತ ಪಟ್ಟಿಯೊಡನೆ ಹೋಲಿಸುತ್ತದೆ. ಪಟ್ಟಿಯಲ್ಲಿ ಇಲ್ಲದವರ ಖಾತೆಗಳನ್ನು ನಿಲ್ಲಿಸುತ್ತದೆ. ಇರುವವರಲ್ಲಿಯೂ ಎಲ್ಲವನ್ನೂ ಬದಲಿಸುವ ಅಧಿಕಾರ ಯಾರಿಗೆ ಬೇಕೋ ಅವರಿಗೆ ಮಾತ್ರ ಉಳಿಸುತ್ತದೆ. ಪಹಣಿಯನ್ನು ಮುದ್ರಿಸಿಕೊಡುವವನಿಗೆ ಪಹಣಿಯನ್ನು ತಿದ್ದುವ ಅಧಿಕಾರ ಬೇಕಿಲ್ಲ. ಅಂತಹ ಅಧಿಕಾರವನ್ನು ಅನಗತ್ಯವಾಗಿ ಹಂಚಿದರೆ ಬೇಲಿಯೇ ಎದ್ದು ಹೊಲ ಮೇಯುವ ಅಪಾಯವುಂಟು. ಬೇಲಿಯು ಸಾಧುವಾಗಿದ್ದರೂ ಅದರ ಪಾಸ್‌ವರ್ಡ್ ಕಳ್ಳನ ಕೈಸೇರಿದರೆ ಪರಿಣಾಮವು ಅದೇ.

ಪಾಸ್‌ವರ್ಡ್ ಎಂಬುದು ಮನೆಯ ಕೀಲಿಕೈ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ರಚಿಸಿದ ಒಂದು ತಂತ್ರಾಂಶವು ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುತ್ತ ಹೋಯಿತು. ಸುಮಾರು 6,000 ಕಂಪ್ಯೂಟರುಗಳು ಅದರ ಹೊರೆಯಿಂದ ಸ್ತಬ್ಧವಾದವೆಂದು ಅಂದಾಜು ಮಾಡಲಾಯಿತು. ‘ಮೋರಿಸ್ ಹುಳು’ ಎಂದು ಹೆಸರಾದ ಆ ತಂತ್ರಾಂಶದ ಉಪಾಯಗಳಲ್ಲಿ ಒಂದು ಬಹಳ ಸರಳವಾದುದು. ಅದು ಮೊದಲು ಬಳಕೆದಾರರ ಹೆಸರನ್ನೇ ಪಾಸ್‌ವರ್ಡ್ ಎಂದು ಊಹಿಸಿ ನೋಡುತ್ತಿತ್ತು; ಬಳಿಕ ತನ್ನಲ್ಲಿದ್ದ 432 ಪದಗಳ ಪಟ್ಟಿಯಿಂದ ಒಂದೊಂದನ್ನೇ ಪ್ರಯೋಗಿಸುತ್ತಿತ್ತು. ಅಷ್ಟೇ ಕೀಲಿಗಳಿಂದ ಅನೇಕ ಬೀಗಗಳು ತೆರೆದುಕೊಂಡವು. ತನ್ನ ಹೆಸರು, ಊರಿನ ಹೆಸರು, ಹುಟ್ಟಿದ ವರ್ಷ ಇವುಗಳನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವವನು ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟಂತೆ.

ಎರಡನೆಯ ಮೆಟ್ಟಿಲು ದುರಸ್ತಿ. ತಂತ್ರಾಂಶವನ್ನು ಬರೆಯುವವರೂ ಮನುಷ್ಯರೇ. ಅವರ ತಪ್ಪುಗಳು ಕಾಲಕ್ರಮದಲ್ಲಿ ಬೆಳಕಿಗೆ ಬರುತ್ತವೆ. ತಯಾರಕರು ಅವುಗಳಿಗೆ ತೇಪೆಗಳನ್ನು ಹೊರಡಿಸುತ್ತಾರೆ. ತೇಪೆ ಹಾಕಿಕೊಳ್ಳುವ ಹೊಣೆ ಬಳಸುವವರದು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನ ಒಂದು ದೋಷಕ್ಕೆ ಇಂತಹ ತೇಪೆಯನ್ನು ನೀಡಿತು. ಅದೇ ವರ್ಷದ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಅದೇ ದೋಷದ ಮೂಲಕ ಲೋಕವನ್ನು ಸುತ್ತಿತು. ಎರಡು ತಿಂಗಳ ಅವಕಾಶವಿದ್ದರೂ ಅನೇಕರು ತೇಪೆ ಹಾಕಿರಲಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು 19,000 ರೋಗಿಗಳ ವೈದ್ಯಕೀಯ ಭೇಟಿಗಳು ರದ್ದಾದವೆಂದು ಅಂದಾಜು ಮಾಡಿದರು. ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮೂರನೆಯ ಮೆಟ್ಟಿಲು ಕಿಂಡಿಗಳ ಎಣಿಕೆ. ಸರ್ವರಿಗೆ ಹೊರಗಿನಿಂದ ಮಾತು ತಲುಪುವ ದಾರಿಗಳನ್ನು ಪೋರ್ಟ್ ಎನ್ನುತ್ತಾರೆ. ಅವುಗಳಿಗೆ 65,535ರವರೆಗೆ ಸಂಖ್ಯೆಗಳುಂಟು. ಜಾಲತಾಣವನ್ನು ಒದಗಿಸಲು ಸಾಮಾನ್ಯವಾಗಿ 80 ಮತ್ತು 443 ಎಂಬ ಎರಡು ಸಾಕು. ದೂರದಿಂದ ಯಂತ್ರವನ್ನು ನಿರ್ವಹಿಸಲು 22 ಬಳಕೆಯಲ್ಲಿದೆ. ಬೇರೆ ಯಾವುದು ತೆರೆದಿದ್ದರೂ ಅದು ಏಕೆ ತೆರೆದಿದೆ ಎಂಬ ಪ್ರಶ್ನೆಗೆ ಉತ್ತರವಿರಬೇಕು. ಉತ್ತರವಿಲ್ಲದಿದ್ದರೆ ಆ ಸೇವೆಯನ್ನು ನಿಲ್ಲಿಸಿ, ಫೈರ್‌ವಾಲ್ ಎಂಬ ತಡೆಗೋಡೆಯಿಂದ ಆ ದಾರಿಯನ್ನು ಮುಚ್ಚಬೇಕು. ಚಿತ್ರದುರ್ಗದ ಒನಕೆ ಓಬವ್ವನ ಕಥೆಯನ್ನು ಕನ್ನಡ ನಾಡಿನ ಮಕ್ಕಳೆಲ್ಲ ಬಲ್ಲರು. ಏಳು ಸುತ್ತಿನ ಕೋಟೆಗೆ ಅಪಾಯ ಬಂದುದು ಹೆಬ್ಬಾಗಿಲಿನಿಂದಲ್ಲ, ಒಬ್ಬರು ನುಸುಳಬಹುದಾದ ಕಿಂಡಿಯಿಂದ. ಕಾವಲುಗಾರನು ಊಟಕ್ಕೆಂದು ಹೋದ ಸಮಯವನ್ನೇ ಹಗೆಗಳು ಆರಿಸಿಕೊಂಡರು. ನೀರಿಗಾಗಿ ಬಂದ ಓಬವ್ವನು ಒನಕೆ ಹಿಡಿದು ನಿಲ್ಲದಿದ್ದರೆ ಏಳು ಸುತ್ತುಗಳೂ ವ್ಯರ್ಥವಾಗುತ್ತಿದ್ದವು. ಓಬವ್ವನಂತಹ ವೀರಮಹಿಳೆಯನ್ನು ನಾಡು ಕೊಂಡಾಡುವುದು ಯೋಗ್ಯವೇ ಸರಿ. ಆದರೆ ಕಿಂಡಿಯ ಬಳಿ ಸದಾ ಒಬ್ಬ ವೀರರು ದೊರೆಯುತ್ತಾರೆಂದು ನೆಚ್ಚಿ ಕುಳಿತುಕೊಳ್ಳುವುದು ಯೋಗ್ಯವಲ್ಲ.

ನಾಲ್ಕನೆಯ ಮೆಟ್ಟಿಲು ದಾಖಲೆ. ಸರ್ವರಿನೊಳಗೆ ಯಾರು ಯಾವಾಗ ಬಂದರು, ಎಷ್ಟು ಬಾರಿ ತಪ್ಪು ಪಾಸ್‌ವರ್ಡ್ ನೀಡಿದರು, ಏನನ್ನು ಬದಲಿಸಿದರು ಎಂಬುದನ್ನು ಆಪರೇಟಿಂಗ್ ಸಿಸ್ಟಮ್ ಬರೆದಿಡಬಲ್ಲದು. ಇದಕ್ಕೆ ಲಾಗ್ ಎಂದು ಹೆಸರು. ಇದು ಸರ್ವರಿನ ದಿನಚರಿ. ಈ ದಿನಚರಿಯನ್ನು ಎಲ್ಲಿ ಇಡಬೇಕೆಂಬುದಕ್ಕೆ ಗೋವಿನಕೋವಿಯ ಸುತ್ತಲಿನವರಿಗೆ ಹತ್ತಿರದ ಪಾಠವೊಂದಿದೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಬ್ಯಾಂಕ್ ಶಾಖೆಯೊಂದರಿಂದ ಸುಮಾರು 17 ಕಿಲೋ ಚಿನ್ನ ಕಳವಾಯಿತು. ಕಳ್ಳರು ಮುಂಬಾಗಿಲಿನ ಗೊಡವೆಗೆ ಹೋಗದೆ ಕಿಟಕಿಯ ಸರಳುಗಳನ್ನು ತೆಗೆದು ಒಳನುಗ್ಗಿದ್ದರು. ಕ್ಯಾಮೆರಾದ ಚಿತ್ರಗಳನ್ನು ಸಂಗ್ರಹಿಸುವ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿದ್ದರು. ಪೊಲೀಸರು ತಿಂಗಳುಗಟ್ಟಲೆ ಶ್ರಮಿಸಿ, 2025ರ ಮಾರ್ಚ್ ವೇಳೆಗೆ ಅಪರಾಧಿಗಳ ಜಾಡನ್ನು ಹಿಡಿದು ಚಿನ್ನವನ್ನು ವಶಪಡಿಸಿಕೊಂಡರು. ಅಡವಿಟ್ಟ ಒಡವೆಗಳ ಒಡೆಯರು ಅಷ್ಟು ದಿನವೂ ಆತಂಕದಲ್ಲಿ ಬದುಕಿದರು. ಮನೆಯ ಸಾಕ್ಷಿಯು ಅದೇ ಮನೆಯಲ್ಲಿ ಮಾತ್ರ ಇದ್ದರೆ ಕಳ್ಳನು ಅದನ್ನೂ ಒಯ್ಯುತ್ತಾನೆ. ಆದುದರಿಂದಲೇ ಲಾಗ್‌ನ ಒಂದು ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಕಳುಹಿಸುತ್ತಿರಬೇಕು; ಮುಖ್ಯ ದಾಖಲೆಗಳ ಬ್ಯಾಕಪ್ ಪ್ರತಿಯು ಸರ್ವರಿನಿಂದ ದೂರದಲ್ಲಿರಬೇಕು; ಆ ಪ್ರತಿಯಿಂದ ದಾಖಲೆಗಳನ್ನು ಮರಳಿ ಪಡೆಯಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸಿ ನೋಡಬೇಕು.

ಈ ನಾಲ್ಕು ಮೆಟ್ಟಿಲುಗಳನ್ನು ಹತ್ತಿದ ತಂಡವು ಒಳ್ಳೆಯ ಕಾವಲುಗಾರನೆನಿಸುತ್ತದೆ. ಆದರೂ ಕೆಲಸ ಮುಗಿಯಲಿಲ್ಲ. ಕಳ್ಳತನ ಮಾಡದೆಯೂ ಸರ್ವರಿಗೆ ಕೇಡು ಬಗೆಯಬಹುದು. ಆಸ್ತಿ ನೋಂದಣಿಗಾಗಿ ಕರ್ನಾಟಕ ಸರ್ಕಾರವು 2023ರಲ್ಲಿ ‘ಕಾವೇರಿ 2.0’ ಎಂಬ ತಂತ್ರಾಂಶವನ್ನು ಜಾರಿಗೆ ತಂದಿತು. 2025ರ ಜನವರಿಯಲ್ಲಿ ಅದರ ಮೇಲೆ ದಾಳಿ ನಡೆಯಿತು. ಕೃತಕವಾಗಿ ಸೃಷ್ಟಿಸಿದ ಖಾತೆಗಳಿಂದ ಎರಡು ಗಂಟೆಗಳಲ್ಲಿ 6 ಲಕ್ಷಕ್ಕೂ ಹೆಚ್ಚು ಸುಳ್ಳು ಕೋರಿಕೆಗಳು ಬಂದುವೆಂದು ವರದಿಯಾಯಿತು. ಇದು ಬಾಗಿಲು ಮುರಿಯುವ ದಾಳಿಯಲ್ಲ. ಬಾಗಿಲಿನಲ್ಲಿ ಸುಳ್ಳು ಜನರ ಜಾತ್ರೆ ನೆರೆಸಿ, ನಿಜವಾಗಿ ಬಂದವರು ಒಳಗೆ ಕಾಲಿಡದಂತೆ ಮಾಡುವ ದಾಳಿ. ನೋಂದಣಿ ಕಚೇರಿಗಳಲ್ಲಿ ಕೆಲಸವು ಕುಂಠಿತವಾಯಿತು. ಮನೆ ಕೊಳ್ಳುವವರು, ಹೊಲ ಮಾರುವವರು ಕಾದು ಕುಳಿತರು. ಇಂತಹ ಸಮಯದಲ್ಲಿ ಸರ್ವರನ್ನು ಪೂರ್ತಿಯಾಗಿ ಮುಚ್ಚಿಬಿಟ್ಟರೆ ದಾಳಿಕಾರನು ಬಯಸಿದುದನ್ನು ಕಾವಲುಗಾರನೇ ಕೈಯಾರೆ ನೆರವೇರಿಸಿದಂತಾಗುತ್ತದೆ. ಒಂದೇ ಮೂಲದಿಂದ ಬರುವ ಕೋರಿಕೆಗಳಿಗೆ ಮಿತಿ ಹಾಕುವುದು, ಸುಳ್ಳು ಖಾತೆಗಳನ್ನು ಗುರುತಿಸಿ ತಡೆಯುವುದು, ಹೊರೆಯನ್ನು ಹಲವು ಯಂತ್ರಗಳಿಗೆ ಹಂಚುವುದು ಇವು ಸರಿಯಾದ ಉಪಾಯಗಳು. ಎಲ್ಲದರ ಗುರಿಯೂ ಒಂದೇ: ಸಾಲಿನಲ್ಲಿ ನಿಂತ ನಿಜವಾದ ಮನುಷ್ಯನಿಗೆ ಅವನ ಸರದಿಯು ದೊರೆಯಬೇಕು.

ಇಂತಹ ಸ್ಪರ್ಧೆಗಳು ಮಕ್ಕಳಿಗೆ ಕಳ್ಳವಿದ್ಯೆಯನ್ನು ಕಲಿಸುತ್ತವೆ ಎಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಈ ಆತಂಕವನ್ನು ನಕ್ಕು ತಳ್ಳಿಹಾಕಲಾಗದು. ಬೀಗ ಹೇಗೆ ತೆರೆಯುತ್ತದೆಂದು ಬಲ್ಲವನು ಅದನ್ನು ಕೆಟ್ಟ ಕೆಲಸಕ್ಕೂ ಬಳಸಬಲ್ಲನು. ಮೋರಿಸ್ ಹುಳುವನ್ನು ಬಿಟ್ಟವನೂ ವಿದ್ಯಾರ್ಥಿಯೇ ಆಗಿದ್ದನು. 1990ರಲ್ಲಿ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ಸಾರಿತು. ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ, ಒಡೆಯನ ಅನುಮತಿಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರನ್ನು ಪ್ರವೇಶಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದುದರಿಂದ ಅನುಮತಿ ಎಂಬ ಗೆರೆಯನ್ನು ಮಕ್ಕಳಿಗೆ ಮೊದಲ ದಿನವೇ ತೋರಿಸಬೇಕು. ಆದರೆ ರಕ್ಷಣಾ ಸ್ಪರ್ಧೆಯ ಬಲವಿರುವುದೂ ಇಲ್ಲಿಯೇ. ಮುರಿಯುವವನಿಗೆ ಒಂದು ದೋಷ ಸಿಕ್ಕಿದರೆ ಸಾಕು, ಅವನ ಕೆಲಸ ಮುಗಿಯಿತು. ಕಾಯುವವನು ಎಲ್ಲ ದೋಷಗಳನ್ನೂ ಹುಡುಕಬೇಕು, ಸರಿಪಡಿಸಬೇಕು, ಹಾಗೆ ಮಾಡುವಾಗ ಯಾರ ಕೆಲಸವೂ ಕೆಡದಂತೆ ನೋಡಿಕೊಳ್ಳಬೇಕು. ಈ ಅಭ್ಯಾಸವು ಬುದ್ಧಿಯ ಜೊತೆಗೆ ತಾಳ್ಮೆಯನ್ನೂ ಹೊಣೆಗಾರಿಕೆಯನ್ನೂ ಬೆಳೆಸುತ್ತದೆ. ಮುರಿಯುವವರಿಗೆ ಚಪ್ಪಾಳೆ, ಕಾಯುವವರಿಗೆ ಮೌನ ಎಂಬ ರೂಢಿಯು ಸ್ಪರ್ಧೆಗಳಲ್ಲಿ ಇರಕೂಡದು.

ಹಳ್ಳಿಯ ಶಾಲೆಗಳಿಗೆ ಇದೆಲ್ಲ ದೂರದ ಮಾತೆಂಬುದು ಮತ್ತೊಂದು ಆಕ್ಷೇಪ. ಉಪಕರಣಗಳ ಕೊರತೆ ಇರುವುದು ದಿಟ. ಆದರೆ ಈ ಕಲಿಕೆಗೆ ದೊಡ್ಡ ಯಂತ್ರಗಳು ಬೇಕಿಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಲೋಕದ ಅಸಂಖ್ಯಾತ ಸರ್ವರುಗಳನ್ನು ನಡೆಸುತ್ತಿದೆ. ಅದನ್ನು ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು. ಶಾಲೆಯ ಸಾಧಾರಣ ಕಂಪ್ಯೂಟರಿನೊಳಗೆ ವರ್ಚುವಲ್ ಮೆಷೀನ್ ಎಂಬ ಕಲ್ಪಿತ ಯಂತ್ರವನ್ನು ನಿರ್ಮಿಸಿ, ಅದರಲ್ಲಿ ಲಿನಕ್ಸನ್ನು ಸ್ಥಾಪಿಸಬಹುದು. ಶಿಕ್ಷಕರು ಅದರಲ್ಲಿ ಹತ್ತು ದೋಷಗಳನ್ನು ಅಡಗಿಸಿಟ್ಟರೆ ಒಂದು ತರಗತಿಯ ಸ್ಪರ್ಧೆ ಸಿದ್ಧವಾಯಿತು. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸಬಹುದು. ಯಾರ ದಾಖಲೆಗೂ ಹಾನಿಯಿಲ್ಲ. ಸೂಚನಾಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು.

ಇದಲ್ಲದೆ ಹಳ್ಳಿಯ ವಿದ್ಯಾರ್ಥಿಗೆ ನಗರದವನಿಗೆ ಇಲ್ಲದ ಒಂದು ಅನುಕೂಲವೂ ಉಂಟು. ಯಾವ ಬಾಗಿಲು ಮುಚ್ಚಿರಬೇಕು, ಯಾವುದು ತೆರೆದಿರಬೇಕು ಎಂಬುದನ್ನು ಯಂತ್ರವು ಹೇಳಲಾರದು. ಅದನ್ನು ಹೇಳಬಲ್ಲವರು ಆ ಬಾಗಿಲಿಗೆ ಬಂದು ಹೋಗುವ ಜನರನ್ನು ಬಲ್ಲವರು. ಅಜ್ಜನ ಕೈಹಿಡಿದು ಪಿಂಚಣಿಯ ಅರ್ಜಿಗೆ ಹೋದವನು, ವಿದ್ಯಾರ್ಥಿವೇತನದ ಪ್ರಮಾಣಪತ್ರಕ್ಕಾಗಿ ಎರಡು ದಿನ ಶಾಲೆ ತಪ್ಪಿಸಿ ನಿಂತವಳು, ಸರ್ವರ್ ನಿಂತರೆ ಯಾರಿಗೆ ನೋವಾಗುತ್ತದೆ ಎಂಬುದನ್ನು ಕೇಳಿ ತಿಳಿಯಬೇಕಾಗಿಲ್ಲ. ಅಂತಹವರು ಕಾವಲಿಗೆ ನಿಂತರೆ ಆ ಕಾವಲಿನಲ್ಲಿ ಕರುಣೆಯೂ ಇರುತ್ತದೆ.

ಆದುದರಿಂದ ರಾಜ್ಯದ ಪ್ರೌಢಶಾಲೆಗಳಲ್ಲಿ ಸೈಬರ್ ರಕ್ಷಣೆಯ ಸ್ಪರ್ಧೆಗಳು ಹೋಬಳಿ ಮಟ್ಟದಿಂದಲೇ ನಡೆಯುವುದು ಉಚಿತ. ಅವುಗಳಲ್ಲಿ ಎಷ್ಟು ದೋಷಗಳನ್ನು ತಿದ್ದಿದರು ಎಂಬುದರಷ್ಟೇ ಮಹತ್ವವನ್ನು ಸೇವೆಯು ಎಷ್ಟು ಹೊತ್ತು ನಿಲ್ಲದೆ ನಡೆಯಿತು ಎಂಬುದಕ್ಕೂ ಕೊಡಬೇಕು. ತೀರ್ಪುಗಾರರು ಅಂಕ ಹಾಕುವ ಮೊದಲು ನಾಡಕಚೇರಿಯ ಕಿಟಕಿಯ ಮುಂದೆ ನಿಂತ ಒಬ್ಬ ರೈತನನ್ನು ನೆನೆಯಬೇಕು. ಅವನ ಹೊಲದ ದಾಖಲೆಯನ್ನು ಬೇರೆ ಯಾರೂ ತಿದ್ದಿರಬಾರದು. ಅವನು ಕೇಳಿದಾಗ ಅದು ಅವನ ಕೈಗೆ ಬರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಕಾವಲು ಸೋತಂತೆಯೇ. ಎರಡೂ ನೆರವೇರಿದ ದಿನ ಅವನು ಪಹಣಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಾನೆ. ಸರ್ವರಿನ ವಿಚಾರವೇ ಅಂದು ಅವನ ಬಾಯಲ್ಲಿ ಬರುವುದಿಲ್ಲ.